ತಟ್ಟೆಯಲ್ಲಿ ಗೆದ್ದ ಜೇನಂಟು

ಕೋವಿಡ್ ತಣ್ಣಗಾಗಿ ಕಾಲೇಜುಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಕೇಳುವುದಕ್ಕೆ ಚೆನ್ನ. ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಯಳಂದೂರಿನ ಮನೆಯಿಂದ ನನ್ನ ಹಳೆಯ ಕಾರಿನಲ್ಲಿ ಓಡಾಡುತ್ತಿದ್ದೆ.

ಆಗ ನಾನು ಹಿಡಿದಿದ್ದ ಕೆಲಸ ಪ್ರೊಪೊಲಿಸ್ ಪರೀಕ್ಷೆ. ಜೇನುಹುಳುಗಳು ಮರದ ಅಂಟನ್ನು ಕಚ್ಚಿ ತಂದು, ಮೇಣದೊಂದಿಗೆ ಕಲಸಿ ಗೂಡಿನ ಸಂದು ಮುಚ್ಚುತ್ತವೆ. ಆ ಅಂಟೇ ಪ್ರೊಪೊಲಿಸ್. ಎಲ್ಲ ಜೇನೂ ಒಂದೇ ಥರ ಅಲ್ಲ. ನಮ್ಮ ತುಡುವೆ ಜೇನು ಇದರ ಗೋಜಿಗೇ ಹೋಗುವುದಿಲ್ಲ ಎನ್ನಬೇಕು. ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಒಂದಿಷ್ಟು ಕೂಡಿಡುತ್ತದೆ. ಕುಟುಕದ ಪುಟ್ಟ ನಸರಿ ಜೇನಿಗಂತೂ ಅದೇ ಮನೆ, ಅದೇ ಬಾಗಿಲು. ಮೆಲ್ಲಿಫೆರಾ ಅಂಟು ಯಳಂದೂರಿನ ತೋಟಗಳಲ್ಲಿ ಸಿಕ್ಕಿತು. ನಸರಿ ಅಂಟು ಕೊಟ್ಟವರು ಹನೂರಿನಾಚೆ ಕಾಡಂಚಿನಲ್ಲಿ ಬೇಸಾಯ ಮಾಡುವ ಸಿದ್ದಪ್ಪ. ಅವರ ಹಟ್ಟಿಯ ಗೋಡೆಯಲ್ಲಿ ಸಾಲಾಗಿ ಹೂತಿಟ್ಟ ಮಡಕೆಗಳಲ್ಲೇ ನಸರಿ ಸಂಸಾರ.

ಅಂಟನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಸೋಸಿ, ಆ ಸಾರವನ್ನು ರೋಗಾಣು ಬೆಳೆಸಿದ ಗಾಜಿನ ತಟ್ಟೆಗೆ ಹಾಕಿದೆ. ನಸರಿಯ ಸಾರದ ಸುತ್ತ ರೋಗಾಣು ಬೆಳೆಯದ ಅಗಲವಾದ ಉಂಗುರ ಮೂಡಿತು, ಮೆಲ್ಲಿಫೆರಾದ್ದು ಸಣ್ಣದು. ಆಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲೂ ನೇರಳೆ ದ್ರಾವಣವನ್ನು ಬೇಗ ಹಳದಿ ಮಾಡಿದ್ದು ನಸರಿಯೇ. ಸಿದ್ದಪ್ಪ ಪೇಟೆಗೆ ಬಂದಾಗ ಕರೆದು ತೋರಿಸಿದೆ. ಮನುಷ್ಯ ಹಿಗ್ಗಿ ಹೀರೇಕಾಯಿಯಾದ.

"ಅಯ್ ಶಿವನೇ! ನಮ್ ಉಳ ರೋಗಾನ ಎಂಗ್ ಒಡ್ದಾಕದೆ ನೋಡಿ ಮೇಡಂ!"

"ಇದು ತಟ್ಟೆಯ ಮಾತು ಸಿದ್ದಪ್ಪ. ಮೈಗೆ ಹಚ್ಚಿ ಪರೀಕ್ಷೆ ಮಾಡಿಲ್ಲ. ಗಾಯಕ್ಕೆ ಬಳಿದುಕೊಂಡೀರಿ, ಜೋಕೆ" ಎಂದು ಸ್ಪಷ್ಟವಾಗಿಯೇ ಹೇಳಿದೆ. ಅಷ್ಟು ಹೊತ್ತಿಗೆ ಅವರ ಕಿವಿ ಮುಚ್ಚಿಹೋಗಿತ್ತು.

ಶಿವರಾತ್ರಿ ಹತ್ತಿರವಾದಾಗ ಅವರ ಹೆಂಡತಿ ಮಾದಮ್ಮ ಫೋನ್ ಮಾಡಿದರು. "ಮೇಡಂ, ನನ್ ಗಂಡನ್ ಕಾಲ್ ಊದ್ಕ ಕುಂತದೆ. ಆಸ್ಪತ್ರೆಗ್ ಬಾ ಅಂದ್ರೆ ನಿಮ್ ತಟ್ಟೆ ಕತೆ ಏಳ್ತಾನೆ. ನೀವೇ ಬಂದು ಬುದ್ಧಿ ಏಳಿ."

ಹೋದೆ. ಸಿದ್ದಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಾದಕ್ಕೆ ಮುಳ್ಳು ಹೊಕ್ಕಿತ್ತಂತೆ. ನಸರಿ ಅಂಟನ್ನು ಕಾಯಿಸಿ, ಹುಳು ಗೂಡಿನ ಸಂದು ಮುಚ್ಚುವ ಹಾಗೆಯೇ, ತೂತು ಕಾಣದಂತೆ ಮೆತ್ತಿದ್ದರು. ಮೇಲೆ ಕಪ್ಪಗೆ, ನಯವಾಗಿ, ಎಷ್ಟು ಚೊಕ್ಕಟ! ಅದರ ಸುತ್ತ ಮಾತ್ರ ಪಾದ ಕೆಂಪೇರಿ ಬಿಗಿದುಕೊಂಡಿತ್ತು, ಎರಡು ಬೆರಳು ನೀಲಿಗಟ್ಟಿದ್ದವು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು.

"ಈಗಲೇ ಏಳಿ. ಈ ಕಾಲು ಹೋಗುತ್ತದೆ, ಆಮೇಲೆ ಜೀವವೂ ಹೋಗುತ್ತದೆ" ಎಂದೆ.

"ನಿಮ್ ತಟ್ಟೇಲಿ ಕಂಡದ್ದು ಸುಳ್ಳಾ ಮೇಡಂ? ಸುಳ್ಳು ಅಂದ್ಬುಡಿ, ಈಗ್ಲೇ ಬತ್ತೀನಿ."

ಸಿಕ್ಕಿಹಾಕಿಕೊಂಡೆ. ಸುಳ್ಳು ಎಂದರೆ ನನ್ನ ಕೆಲಸವನ್ನೇ ಅಲ್ಲಗಳೆದಂತೆ. ನಿಜ ಎಂದರೆ ಈ ಮನುಷ್ಯ ಜಗಲಿ ಬಿಟ್ಟು ಏಳುವುದಿಲ್ಲ. ಹಾಳಾದ ಬಾಯಿ, "ಸುಳ್ಳಲ್ಲ, ಆದರೆ..." ಎಂದಿತು. ಆದರೆಯ ಆಚೆಗೆ ಏನು ಹೇಳಿದರೂ ಅವರು ಕೇಳಲಿಲ್ಲ. ಆಲ್ಕೋಹಾಲಿನ ಸಾರ ಬೇರೆ, ಕಾಯಿಸಿ ಮೆತ್ತಿದ ಅಂಟು ಬೇರೆ ಎಂದೆ; ಒಳಗೆ ಕೀವು ಕೂಡಿದೆ ಎಂದೆ. ಅವರು ನಗುತ್ತಿದ್ದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಮಾದಮ್ಮ ಒಳಗೆ ಹೋಗಿ ಒನಕೆ ತಂದು, ಗೋಡೆಯ ಮಡಕೆಗಳ ಮುಂದೆ ನಿಂತರು.

"ಕಾರ್ ಅತ್ತೀಯೋ, ಇಲ್ಲಾ ಇವ್ನೆಲ್ಲ ಒಡ್ದು ಪುಡಿ ಮಾಡ್ಲೋ?"

"ಏಯ್, ಬ್ಯಾಡ ಕಣಮ್ಮಿ! ಉಳ ಏನ್ ಮಾಡ್ತು ನಿಂಗೆ?"

ಒನಕೆ ಮೇಲೆದ್ದಿತು. ಸಿದ್ದಪ್ಪನೂ ಎದ್ದರು. ಕಾಲಿಗಾಗಿ ಅಲ್ಲ, ಹುಳುಗಳಿಗಾಗಿ.

ಕೊಳ್ಳೇಗಾಲದ ದಾರಿಗೆ ಬಿದ್ದರೆ ಎದುರಿಗೆ ಶಿವರಾತ್ರಿ ಜಾತ್ರೆಗೆಂದು ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಜನ, ರಸ್ತೆ ತುಂಬ. ಎಲ್ಲರೂ ಆ ಕಡೆ, ನಾವು ಮಾತ್ರ ಈ ಕಡೆ. ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಧೂಳಿಗೆ ಗಾಜು ಏರಿಸಿದರೆ ಕಾಲಿನ ವಾಸನೆ, ಇಳಿಸಿದರೆ ಧೂಳು. ಜ್ವರ ನೆತ್ತಿಗೇರಿ ಸಿದ್ದಪ್ಪ ಬಾಗಿಲು ತಡಕುತ್ತಿದ್ದರು: "ಇಳ್ಸಿ ಮೇಡಂ, ನಾನೂ ಇವರ್ ಜೊತೆ ನಡ್ಕ ಓಯ್ತೀನಿ." ಮಾದಮ್ಮ ಗಂಡನನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ನಾನು ಹಾರ್ನ್ ಒತ್ತುತ್ತಲೇ ಇದ್ದೆ. ಈ ಮನುಷ್ಯ ನನ್ನ ಕಾರಿನಲ್ಲೇ ಸತ್ತರೆ ಎಂಬುದೊಂದೇ ಯೋಚನೆ. ಕೊನೆಗೆ ಗಾಜಿಗೆ ಮುಖ ಇಟ್ಟು ನೋಡಿದ ಒಬ್ಬ ಯಾತ್ರಿಕ "ದಾರಿ ಬುಡ್ರಲಾ, ಒಳಗೆ ಉಷಾರಿಲ್ದೋರವ್ರೆ!" ಎಂದು ಕೂಗುತ್ತ ಕಾರಿನ ಮುಂದೆ ಓಡಿದ. ಜನ ಸರಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಅಂಟು ಕಿತ್ತೊಡನೆ ಕೀವು ಚಿಮ್ಮಿತು. ಸಕ್ಕರೆ ಕಾಯಿಲೆ ಇದೆಯೆಂಬುದೂ ಅಂದೇ ತಿಳಿದದ್ದು. "ಮೇಲೆ ಮುಚ್ಚಳ ಬಿಗಿದು ರೋಗವನ್ನ ಒಳಗೇ ಕೂಡಿಹಾಕಿದ್ದಾರಲ್ಲ!" ಎಂದು ಡಾಕ್ಟರು ರೇಗಿದರು. ಎರಡು ಬೆರಳು ಹೋದವು. ಪಾದ ಉಳಿಯಿತು.

ತಿಂಗಳುಗಳ ನಂತರ ಸಿದ್ದಪ್ಪ ಕೋಲೂರಿಕೊಂಡು ಲ್ಯಾಬಿಗೆ ಬಂದರು. ತಟ್ಟೆ ನೋಡಬೇಕೆಂದರು. ಹೊಸದೊಂದನ್ನು ಕೊಟ್ಟೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಂಗುರ ಹಾಗೇ ಇತ್ತು, ಅಷ್ಟೇ ಅಗಲ.

"ಉಳಾನೂ ಸುಳ್ಳೇಳ್ನಿಲ್ಲ, ನೀವೂ ಸುಳ್ಳೇಳ್ನಿಲ್ಲ" ಎಂದು ತಟ್ಟೆ ವಾಪಸು ಕೊಟ್ಟರು. "ಆದ್ರೆ ಮೇಡಂ, ಇದ್ರೊಳಗೆ ನನ್ ಕಾಲು ಎಲ್ಲದೆ?"

ಅಂದಿನಿಂದ ಯಾರಿಗೇ ತಟ್ಟೆ ತೋರಿಸಲಿ, ಉಂಗುರದ ಮಾತು ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ರಕ್ತ ಇಲ್ಲ, ಮಾಂಸ ಇಲ್ಲ, ಮನೆಯಲ್ಲಿ ಕಾಯುತ್ತಿರುವ ಹೆಂಡತಿ ಇಲ್ಲ. ಅದನ್ನು ಕೇಳಿಸಿಕೊಂಡ ಮೇಲೆಯೇ ಉಂಗುರ ತೋರಿಸುವುದು.