ಒಂದೇ ಚೀಟಿ, ಮೂರು ಕಾಯಿಲೆ

ಬೆಳಿಗ್ಗೆ ಯಜಮಾನರನ್ನು ಮಂಡ್ಯದ ಬಸ್ಸಿಗೆ ಕಳಿಸಿ, ಸೀಮೆಎಣ್ಣೆ ಸ್ಟೌವಿಗೆ ಪಿನ್ನು ಹಾಕುತ್ತಿದ್ದೆ. ಪಕ್ಕದ ಮನೆಯ ಜಯಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಬೆಂಗಳೂರಿಗೆ ಹೋಗಿ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳುತ್ತಿದ್ದವರು. ಕತ್ತಿನ ಮೇಲೆ ಡಾಕ್ಟರು ಎಳೆದ ನೇರಳೆ ಶಾಯಿಯ ಗೆರೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು. ಬೆವರಿಗೆ ಮೆತ್ತಗಾದ ಆಸ್ಪತ್ರೆ ಚೀಟಿಯನ್ನು ನನ್ನ ಕೈಗಿಟ್ಟರು.

"ನೀನು ಕಾನ್ವೆಂಟಲ್ಲಿ ಓದ್ದೋಳು ಕಣವ್ವ. ಇದ್ರಲ್ಲಿ ಏನ್ ಬರ್ದವ್ರೆ, ಓದು."

ಕ್ಯಾನ್ಸರ್ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಮ್ಮನಿಗೆ ಹೇಳಬೇಡಿ ಎಂದು ಅವರ ಮಗ ಮದ್ದೂರಿನ ನಮ್ಮ ಬೀದಿಯವರಿಗೆಲ್ಲ ಕೈಮುಗಿದು ಬೇಡಿಕೊಂಡಿದ್ದ. "ರಕ್ತ ಕಮ್ಮಿ ಅಂತಿದೆ," ಎಂದೆ.

ಜಯಮ್ಮ ಚೀಟಿಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

"ಮೇಷ್ಟ್ರು ಗಂಟ್ಲುಣ್ಣು ಅಂದ್ರು. ಕಾಂಪೌಂಡ್ರು ನಂಜು ಅಂದ್ರು. ನೀನು ರಕ್ತ ಕಮ್ಮಿ ಅಂತೀಯ. ಒಂದೇ ಚೀಟೀಲಿ ಎಷ್ಟು ಕಾಯ್ಲೆ ಬರ್ದವ್ರೆ ಕಣವ್ವ? ರಾತ್ರಿಯೆಲ್ಲ ಎದೆ ಡವಡವ ಅಂತದೆ, ಕಣ್ಣು ಮುಚ್ಚಕ್ಕಾಗಲ್ಲ. ಯಾರ ತಾವ ಹೇಳ್ಕೊಳ್ಲಿ?"

ತಣ್ಣಗಿದ್ದ ಅವರ ಕೈ ಹಿಡಿದುಕೊಂಡೆ. ನಿಜ ಹೇಳಲು ಆಗಲೂ ಬಾಯಿ ಬರಲಿಲ್ಲ. ಆ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಸಂಜೆ ಎದುರುಮನೆಯ ಪದ್ಮಮ್ಮ ಒಣಗಿದ ಬಟ್ಟೆ ತೆಗೆಯುತ್ತಾ ಅಂದರು: "ಜಯಮ್ಮಂಗೆ ಏನೂ ಗೊತ್ತಿಲ್ವಲ್ಲ, ಅದೇ ಪುಣ್ಯ ಬುಡಿ. ಆಯಮ್ಮ ಆರಾಮಾಗವ್ರೆ."