ಅಣ್ಣ ಮಾಡಿದ ಪಾಲು

ಮದ್ರಾಸು ಸರ್ಕಾರದ ಕಾಲದಲ್ಲಿ, ತೆಲುಗು ಸೀಮೆಯ ಅಂಚಿನ ಗುಡಿಬಂಡೆ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾತು ಬಂದರೆ ದೊಡ್ಡತಿಮ್ಮಪ್ಪನ ಹೆಸರು ಬರುತ್ತಿತ್ತು. ಹೊಲ ಕೊಳ್ಳುವವರು, ಪಾಲಾಗುವವರು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯುವನು. ಬತ್ತಿಯಂತೆ ಎಳೆ ನಿಂತರೆ ಜೇಡಿ, ಉದುರಿದರೆ ಮರಳು, ನಾಲಗೆಗೆ ಉಪ್ಪೆನಿಸಿದರೆ ಚೌಳು. ಆಮೇಲೆ ಗುದ್ದಲಿಯಿಂದ ಮೊಳದಾಳ ಅಗೆದು ಅಡಿಯ ಮಣ್ಣು ನೋಡಿ, ಇದಕ್ಕೆ ರಾಗಿ, ಅದಕ್ಕೆ ನವಣೆ ಎಂದು ಹೇಳುವನು. ಮೇಲಿನ ಬಣ್ಣಕ್ಕೆ ಮರುಳಾಗಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದ. ಹೇಳದೆ ಬಿಟ್ಟದ್ದು ಒಬ್ಬನಿಗೆ ಮಾತ್ರ, ಒಡಹುಟ್ಟಿದ ತಮ್ಮ ಚಿಕ್ಕತಿಮ್ಮಯ್ಯನಿಗೆ.

ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಎಡೆಯಿರಬಾರದೆಂದು ಹಿರಿಯರು ಮಾಡಿದ ಏರ್ಪಾಟು ಅದು. ಹಿರಿಯನಿಗೆ ಮಣ್ಣು ಗೊತ್ತಿದ್ದು ಕಿರಿಯನಿಗೆ ಗೊತ್ತಿಲ್ಲದಿದ್ದರೆ ಏನು ಗತಿ ಎಂದು ಆ ಪುಣ್ಯಾತ್ಮರು ಯೋಚಿಸಿದಂತೆ ಕಾಣುವುದಿಲ್ಲ. ಚಿಕ್ಕತಿಮ್ಮಯ್ಯ ಬುದ್ಧಿ ಬಂದಾಗಿನಿಂದ ಕುರಿಮಂದೆಯ ಹಿಂದೆ ಊರೂರು ತಿರುಗಿದವನು. ಕುರಿಯ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಮಣ್ಣು ಅವನಿಗೆ ಬರೀ ಮಣ್ಣು.

ಮನೆಗೆ ಇದ್ದದ್ದು ಎರಡು ಹೊಲ. ಒಂದು ಕೆಂಪು ಹೊಲ, ನೋಡಲು ಬಡಕಲು, ಆದರೆ ಆಳ ಬಹಳ. ಮಳೆ ಕೈಕೊಟ್ಟರೂ ರಾಗಿಯನ್ನು ಕೆಲವು ದಿನ ಉಳಿಸಿಕೊಳ್ಳುತ್ತಿತ್ತು. ಇನ್ನೊಂದು ದಿಣ್ಣೆಯ ಹೊಲ. ಅದು ಮೊದಲು ಬರೀ ಗರಸು, ಗಟ್ಟಿ ಕಲ್ಲುಮಣ್ಣು. ಅವರಪ್ಪ ಬೇಸಿಗೆ ಬೇಸಿಗೆಯೂ ಕೆರೆಯ ಗೋಡು, ಅಂದರೆ ತಳದ ಕಪ್ಪು ಹೂಳು, ಹೊಡೆಸಿ ಅದರ ಮೇಲೆ ಹರಡಿದ್ದ. ಆಗ ಗಾಡಿ ಹೊಡೆದವನು ದೊಡ್ಡತಿಮ್ಮಪ್ಪನೇ. ಬದುವಿನ ಪಕ್ಕ ಗೋಡು ಮೊಳದಾಳ ಬಿದ್ದಿತ್ತು, ನಡುವೆ ಗೇಣಿಗೂ ಕಡಿಮೆ.

ಪಾಲಿನ ಹಿಂದಿನ ದಿನ ಹದ ಮಳೆ ಬಂದಿತ್ತು. ದೊಡ್ಡತಿಮ್ಮಪ್ಪ ನಸುಕಿನಲ್ಲೇ ನೇಗಿಲು ಹೂಡಿ ದಿಣ್ಣೆಯ ಹೊಲವನ್ನು ಮೇಲುಮೇಲೆ ಉತ್ತುಬಿಟ್ಟ. ಕೆಂಪು ಹೊಲದ ಕೂಳೆಯನ್ನು ಮುಟ್ಟಲಿಲ್ಲ. ಹಿರಿಯರು ಬಂದು ನಿಂತಾಗ ಒಂದು ಹೊಲ ಕರ್ರಗೆ ಮಿರುಗುತ್ತಿತ್ತು, ಇನ್ನೊಂದು ತಲೆ ಕೆದರಿಕೊಂಡು ಬಿದ್ದಿತ್ತು. ಚಿಕ್ಕತಿಮ್ಮಯ್ಯ ಅಣ್ಣನ ಮುಖ ನೋಡಿದ. ಅಣ್ಣ ಎತ್ತಿನ ಕಣ್ಣಿ ಸರಿಮಾಡುತ್ತಿದ್ದ.

"ಕರೇದು ನಂಗಿರ್ಲಿ ಕಣಣ್ಣ, ನಿಂಗೇನೂ ಬೇಜಾರಿಲ್ಲ ತಾನೆ?" ಎಂದು ತಮ್ಮ ಕೇಳಿದ.

"ಆರಿಸ್ಕೊಳ್ಳೋನು ನೀನು, ನಂದೇನೈತೆ," ಎಂದ ಅಣ್ಣ.

ಒಂದು ಸುಳ್ಳನ್ನೂ ಆಡದೆ ತಮ್ಮನ ಕಣ್ಣಿಗೆ ಮಣ್ಣೆರಚಿದ. ಒಳ್ಳೆಯ ಹೊಲ ಬಿಟ್ಟುಕೊಟ್ಟ ಧರ್ಮಾತ್ಮನೆಂದು ಊರು ಹೊಗಳಿತು. ಆ ಹೊಗಳಿಕೆ ಕೇಳಿದ ದಿನ ಅವನು ತಟ್ಟೆ ಬಿಟ್ಟು ಎದ್ದ.

ಆಮೇಲಿನ ವರ್ಷಗಳೂ ಹಾಗೇ ಹೋದವು. ಕೆಂಪು ಹೊಲದಲ್ಲಿ ತೆನೆ ತೂಗುವಾಗ ದಿಣ್ಣೆಯ ರಾಗಿ ಸೊರಗಿ ನೆಲ ಹಿಡಿಯುತ್ತಿತ್ತು. ತಮ್ಮನ ಹೆಂಡತಿ ಚಿತ್ತಮ್ಮ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುವುದನ್ನು ಕಂಡರೆ ದೊಡ್ಡತಿಮ್ಮಪ್ಪ ದಾರಿ ಬದಲಿಸುತ್ತಿದ್ದ. ಹೇಳಿಬಿಡಬೇಕೆಂದು ಎಷ್ಟೋ ಸಲ ತಮ್ಮನ ಜಗಲಿಯವರೆಗೆ ಹೋಗಿ, ಎತ್ತಿನ ಕಾಲುನೋವಿನ ಮಾತಾಡಿ ವಾಪಸು ಬಂದ. ತಿಪ್ಪೆ ಹೆಚ್ಚಾಗಿದೆ ಎಂಬ ನೆಪದಲ್ಲಿ ಗೊಬ್ಬರದ ಗಾಡಿ ಕಳಿಸಿದ. ಬೆಳೆ ಹೇಗಿದೆ ಎಂದು ಕೇಳಿದರೆ ತಮ್ಮ ಪ್ರತಿ ವರ್ಷ "ಚೆನ್ನಾಗೈತಣ್ಣ, ನೀನ್ಯಾಕೆ ಯೋಚ್ನೆ ಮಾಡ್ತೀಯ" ಎನ್ನುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಪ್ರೀತಿಯ ಮಾತು ಅವನನ್ನು ಸುಡುತ್ತಿತ್ತು.

ಹೀಗಿರುವಾಗ ಕಂದಾಯ ಗೊತ್ತುಮಾಡುವ ಸೆಟ್ಲುಮೆಂಟಿನವರು ಬಂದರು. ಪ್ರತಿ ಹೊಲದ ಮಣ್ಣು ನೋಡಿ, ಅದು ಎಷ್ಟು ರಾಗಿ, ಎಷ್ಟು ಜೋಳ ಕೊಟ್ಟೀತೆಂದು ಅಂದಾಜಿಸಿ ತರಂ, ಅಂದರೆ ದರ್ಜೆ, ಕಟ್ಟುವುದು ಅವರ ಕೆಲಸ. ಒಳ್ಳೆಯ ತರಂ ಬಿದ್ದರೆ ಕಂದಾಯ ಜಾಸ್ತಿ, ಅದೂ ಒಂದು ತಲೆಮಾರಿನವರೆಗೆ. ಮಣ್ಣು ನೋಡಲು ಬಂದ ಕ್ಲಾಸರು ಎಂಬ ನೌಕರ ಕೆಲಸ ಬಲ್ಲ ತೆಲುಗಿನವನು. ಊರ ಕಡೆಯಿಂದ ಹೊಲ ತೋರಿಸಲು ದೊಡ್ಡತಿಮ್ಮಪ್ಪನನ್ನೇ ಕಳಿಸಿದರು.

ದಿಣ್ಣೆಯ ಹೊಲದಲ್ಲಿ ಚಿಕ್ಕತಿಮ್ಮಯ್ಯ ಕಾದು ನಿಂತಿದ್ದ. ಅಣ್ಣನನ್ನು ಕಂಡವನೇ ಬೇಗಬೇಗ ಬದುವಿನ ಹತ್ತಿರ ಹೋಗಿ, "ಇಲ್ಲಿ ಅಗಿಸಿ ಸ್ವಾಮಿ, ಇಲ್ಲಿ ನೋಡಿದ್ರೆ ಸಾಕು," ಎಂದ.

ದೊಡ್ಡತಿಮ್ಮಪ್ಪ ಆ ಜಾಗ ಬಲ್ಲ. ಅಲ್ಲಿ ಅಗೆದರೆ ಮೊಳದಾಳ ಕರಿಮಣ್ಣು. ಇಲ್ಲದ ಫಸಲಿಗೆ ತಮ್ಮ ಜೀವಮಾನವೆಲ್ಲ ಕಂದಾಯ ಕಟ್ಟಬೇಕು. ಸುಮ್ಮನಿದ್ದರೆ ತನ್ನ ಗುಟ್ಟು ಉಳಿಯುತ್ತದೆ, ತಮ್ಮ ಮುಳುಗುತ್ತಾನೆ. ಕ್ಲಾಸರು ಆಳಿಗೆ ಹಾರೆ ಎತ್ತಲು ಸನ್ನೆ ಮಾಡಿದ.

"ಅಲ್ಲಿ ಬ್ಯಾಡಿ ಸ್ವಾಮಿ," ಎಂದು ದೊಡ್ಡತಿಮ್ಮಪ್ಪ ಹೊಲದ ನಡುವಿಗೆ ನಡೆದು ನಿಂತ. "ಇಲ್ಲಿ ಹಾಕ್ಸಿ."

ಹಾರೆ ಎರಡೇಟಿಗೆ ಖಣ್ಣೆಂದಿತು. ಕ್ಲಾಸರು ಬಗ್ಗಿ ಗರಸನ್ನು ಹಿಡಿದು ನೋಡಿ, "ಮೇಲೆ ಗೋಡು, ಕಿಂದ ಗರಸು. ಯಾವಾಗ ಹೊಡೆಸಿದ್ದು, ಯಜಮಾನ್ರೇ?" ಎಂದು ಕೇಳಿದ.

"ನಮ್ಮಪ್ಪನ ಕಾಲ್ದಾಗೆ. ಗಾಡಿ ಹೊಡ್ದೋನು ನಾನೇಯ."

ಕ್ಲಾಸರು ಕೊನೆಯ ತರಂ ಬರೆದುಕೊಂಡು ಮುಂದಿನ ಹೊಲಕ್ಕೆ ನಡೆದ. ಅಣ್ಣತಮ್ಮ ಇಬ್ಬರೇ ಗುಂಡಿಯ ಪಕ್ಕ ಉಳಿದರು.

"ತಪ್ಪಾಯ್ತಪ್ಪ," ಎಂದ ದೊಡ್ಡತಿಮ್ಮಪ್ಪ. "ಕೆಂಪು ಹೊಲ ನೀನು ತಗೊ. ಹಿರಿಯರನ್ನ ಕರ್ಸಿ ಇವತ್ತೇ ಬದಲಾಯ್ಸಾನ."

ಚಿಕ್ಕತಿಮ್ಮಯ್ಯ ಗುಂಡಿಯನ್ನೇ ನೋಡುತ್ತಿದ್ದ.

"ಅಡಿಯಾಗೆ ಗರಸೈತೆ ಅಂತ ಮೊದಲ ವರ್ಷ ಉಳುವಾಗ್ಲೇ ನಂಗೆ ಗೊತ್ತಾಯ್ತು. ಪಾಪ, ಅಣ್ಣಂಗೂ ಗೊತ್ತಾಗ್ದೆ ಪಾಲು ಮಾಡವ್ನೆ, ತಿಳಿದ್ರೆ ಕೊರಗ್ತಾನೆ ಅಂತ ಬಾಯಿ ಮುಚ್ಕೊಂಡಿದ್ದೆ. ಅದಕ್ಕೇಯ ಅಲ್ಲಿ ಅಗೀರಿ ಅಂದಿದ್ದು, ಕಂದಾಯ ಜಾಸ್ತಿ ಬಿದ್ರೂ ಸರಿ, ಗರಸು ನಿನ್ನ ಕಣ್ಣಿಗೆ ಬೀಳ್ಬಾರ್ದು ಅಂತ."

ದೊಡ್ಡತಿಮ್ಮಪ್ಪ ಅಲ್ಲೇ ಕುಕ್ಕರಿಸಿದ. ತಮ್ಮ ಗುಂಡಿಗೆ ಮಣ್ಣೆಳೆಯತೊಡಗಿದ.

"ಹೊಲ ಬ್ಯಾಡ," ಎಂದ. "ನಿಂಗೆ ಗೊತ್ತಿಲ್ಲ ಅನ್ಕೊಂಡು ಇದ್ರಾಗೆ ಹೆಂಗೋ ಬದುಕ್ಕೊಂಡಿದ್ದೆ. ನೀನು ಮನೆಗೆ ಹೋಗು."