ಕೋಳಿ, ಕ್ವಿನ್ಸ್ ಹಣ್ಣು ಮತ್ತು ಗ್ಯಾರೇಜಿನ ಒಲೆ

ನಮ್ಮ ಮನೆಯಲ್ಲಿ ಕೋಳಿ ಬೇಯುತ್ತಿದ್ದುದು ಗ್ಯಾರೇಜಿನಲ್ಲಿ. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆ ಕೊಂಡ ವರ್ಷವೇ ಆ ವ್ಯವಸ್ಥೆ ಆಗಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಹುಬ್ಬಳ್ಳಿಯಿಂದ ನಮ್ಮ ಜೊತೆ ಇರಲು ಬರುವವರಿದ್ದರು. ಅವರು ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ. ನಾನು ತಿಂದೇ ಬೆಳೆದವಳು. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಒಂದು ಮೇಜು, ಅದರ ಮೇಲೆ ಗ್ಯಾಸ್ ಸ್ಟೋವ್, ಕೆಳಗೆ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ನನ್ನ ಪಾತ್ರೆ, ಸೌಟು, ಚಾಕು. ತೊಳೆಯುವುದು ಬಟ್ಟೆ ಒಗೆಯುವ ಕೋಣೆಯ ತೊಟ್ಟಿಯಲ್ಲಿ. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಮಾಡಿಕೊಂಡದ್ದು. “ಅಷ್ಟೆಲ್ಲಾ ಯಾಕ?” ಎಂದು ಗಂಡ ಕೇಳಿದಾಗ “ವಯಸ್ಸಾದವರು, ಇರ್ಲಿ ಬಿಡು” ಅಂದವಳೂ ನಾನೇ.

ಅರ್ಧ ತಾಸಿನಲ್ಲಿ ಮುಗಿಯುವ ಅಡುಗೆಗೆ ಆ ಒಲೆ ಸಾಕಾಗುತ್ತಿತ್ತು. ಹೊಗೆ ಹೋಗಲೆಂದು ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿ, ಜಾಕೆಟ್ ಹಾಕಿಕೊಂಡು ನಿಂತು ಹುರಿದು, ಅಲ್ಲೇ ಸ್ಟೂಲಿನ ಮೇಲೆ ಕೂತು ತಿಂದು ಒಳಗೆ ಬರುತ್ತಿದ್ದೆ. ಬೇಸರವೇನೂ ಇರಲಿಲ್ಲ. ಇಲ್ಲ ಎಂದುಕೊಂಡಿದ್ದೆ.

ಹೋದ ಶರತ್ಕಾಲದಲ್ಲಿ ಸಿಡ್ನಿಯ ಗೆಳತಿಯೊಬ್ಬಳು ಕೆಲಸದ ಮೇಲೆ ಮೆಲ್ಬರ್ನಿಗೆ ಬರುತ್ತೇನೆಂದು ಫೋನ್ ಮಾಡಿದಳು. ಶನಿವಾರ ಸಂಜೆ ಊಟಕ್ಕೆ ಬಾ ಅಂದೆ. ಅವಳು ಇರಾನಿನವಳು. ಅವಳ ಪರಿಚಯ ಆದದ್ದು ನನಗೆ ರೂಮು ಸಿಗದ ದಿನಗಳಲ್ಲಿ.

ಮಾಸ್ಟರ್ಸ್ ಓದಲು ಸಿಡ್ನಿಗೆ ಬಂದಿದ್ದೆ. ನಮ್ಮಪ್ಪ ಗದಗದ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಆದರೆ ಅಲ್ಲಿನ ಟೂಂಗಾಬಿ ಬಡಾವಣೆಯಲ್ಲಿ ರೂಮು ಕೊಡುವವರಿಗೆ ಡಿಗ್ರಿ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತ ಕನ್ನಡದ ಆಂಟಿಯೊಬ್ಬರು ಬಹಳ ಪ್ರೀತಿಯಿಂದ ಮಾತಾಡಿಸಿ, ಯಾವೂರು, ಏನು ಓದ್ತಿದೀಯಾ ಎಂದೆಲ್ಲ ಕೇಳಿ, ಕೊನೆಗೆ ದನಿ ಇಳಿಸಿ, “ನೀವು ತಿಂತೀರಾಮ್ಮಾ?” ಅಂದರು. ಏನನ್ನು ಎಂದು ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. “ತಿಂತೀನಿ ಆಂಟಿ” ಅಂದೆ. “ಅಯ್ಯೋ, ರೂಮು ನಿನ್ನೇನೇ ಬುಕ್ ಆಗೋಯ್ತಲ್ಲಾ” ಅಂದರು. ಅದಾದ ಮೇಲೆ ಪಕ್ಕದ ಗಿರಾವೀನ್‌ನಲ್ಲಿ ನನ್ನ ಕ್ಲಾಸಿನ ಈ ಇರಾನಿ ಹುಡುಗಿ ಹಿಡಿದಿದ್ದ ಮನೆಯಲ್ಲಿ ಒಂದು ರೂಮು ಖಾಲಿ ಇದೆ ಎಂದು ತಿಳಿಯಿತು. ಅವಳು ನನ್ನನ್ನು ಕೇಳಿದ್ದು ಒಂದೇ: “ರೆಂಟ್ ಸರಿಯಾಗಿ ಕೊಡ್ತೀಯಲ್ಲ?”

ಅಲ್ಲಿದ್ದಾಗ ಅವಳು ಮಾಡಿ ಹಾಕಿದ್ದು ಅವಳ ಕಡೆಯ ಒಂದು ಕೋಳಿ ಸಾರು. ಹಳದಿ ಬಣ್ಣದ, ಮೈಮೇಲೆ ಸಣ್ಣ ನವಿರಿರುವ ಕ್ವಿನ್ಸ್ ಹಣ್ಣನ್ನು ಹೋಳು ಮಾಡಿ, ಹುರಿದು, ಒಣಗಿದ ಹುಳಿ ಪ್ಲಮ್ ಜೊತೆ ಕೋಳಿಯಲ್ಲಿ ಹಾಕುತ್ತಾರೆ. ಮೆಣಸಿನಕಾಯಿ ಇಲ್ಲ, ಒಗ್ಗರಣೆ ಇಲ್ಲ. ಮೊದಲ ತುತ್ತಿಗೆ ನನಗೆ ಯಾರದೋ ಮನೆಯ ಉಪ್ಪಿನಕಾಯಿ ತಪ್ಪಿ ಪಾಯಸಕ್ಕೆ ಬಿದ್ದಂತೆ ಅನ್ನಿಸಿತು. ಎರಡನೇ ಸಲ ಬಡಿಸಿಕೊಂಡಾಗ ಹಾಗನ್ನಿಸಲಿಲ್ಲ. ನಮ್ಮ ಕಡೆಯ ಹುಣಸೆ-ಬೆಲ್ಲದ ರುಚಿಯೇ ಇನ್ನೊಂದು ದಾರಿಯಿಂದ ಬಂದಿತ್ತು. ಅವಳಿಗಾಗಿ ಅದನ್ನೇ ಮಾಡುವುದೆಂದು ನಿಶ್ಚಯಿಸಿದೆ.

ಶನಿವಾರ ಮಧ್ಯಾಹ್ನ ಹಣ್ಣಿನ ಚೀಲ ಮೇಜಿನ ಮೇಲಿಟ್ಟಾಗ ಅತ್ತೆ ಒಂದನ್ನು ಕೈಗೆತ್ತಿಕೊಂಡು ತಿರುವಿ ನೋಡಿದರು.

“ಇದೇನವಾ, ಪೇರಲಕ್ಕ ಮೀಸಿ ಬಂದಾವು.”

“ಪೇರಲ ಅಲ್ರಿ ಅತ್ತಿ, ಕ್ವಿನ್ಸ್ ಅಂತಾರ. ಕೋಳಿಯೊಳಗ ಹಾಕ್ತಾರ.”

“ಹಣ್ಣು? ಕೋಳಿಯೊಳಗ? ಆ ಕೋಳಿ ಏನ್ ಪಾಪ ಮಾಡಿತ್ತು.”

ಸೋಫಾದ ಮೇಲೆ ಫೋನ್ ಹಿಡಿದು ಕೂತಿದ್ದ ನನ್ನ ಗಂಡ, “ಹಣ್ಣ ಏನ್ ಪಾಪ ಮಾಡಿತ್ತು ಅಂತ ಕೇಳಬೇ ಯವ್ವಾ” ಅಂದ.

ಅತ್ತೆ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. “ಥೂ, ನಾಲಗಿ ಹಿಡಕೋತು. ಹಸಿ ಅಡಿಕಿ ಅಗದಂಗ.” ಆದರೂ ಹಣ್ಣನ್ನು ಕೆಳಗಿಡಲಿಲ್ಲ. ವಾಸನೆ ನೋಡಿದರು. “ವಾಸನಿ ಮಾತ್ರ ಛೊಲೋ ಅದ. ಕೊಡು ಇಲ್ಲೆ, ನಾ ಹೆಚ್ಚಿ ಹುರದು ಕೊಡ್ತೀನಿ. ಹಣ್ಣಿಗೇನು ಮೈಲಿಗಿ?”

ಹುಬ್ಬಳ್ಳಿಯಿಂದ ತಂದಿದ್ದ ಈಳಿಗೆಯನ್ನು ನೆಲಕ್ಕಿಟ್ಟು ಕೂತರು. ಕ್ವಿನ್ಸ್ ಕಲ್ಲಿನಂಥ ಹಣ್ಣು. ನನ್ನ ಚಾಕು ಅದರ ನಡುವೆ ಸಿಕ್ಕಿಬೀಳುತ್ತದೆ. ಅತ್ತೆ ಒದ್ದೆ ಬಟ್ಟೆಯಿಂದ ನವಿರು ಒರೆಸಿ, ಎರಡೂ ಕೈಯಲ್ಲಿ ಒತ್ತಿ, ಸಮನಾಗಿ ಹೋಳು ಮಾಡುತ್ತ ಹೋದರು. ಬೆಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಬೇಕು, ಸ್ವಲ್ಪ ಸಕ್ಕರೆ ಉದುರಿಸಬೇಕು ಎಂದು ಹೇಳಿ ನಾನು ಗ್ಯಾರೇಜಿಗೆ ಇಳಿದೆ. “ಒಂದಿಷ್ಟು ನನಗ ತಗದಿಟ್ಟು ಖಾರಾ ಹಾಕಿ ಗೊಜ್ಜು ಮಾಡ್ಕೋತೀನಿ” ಎಂದು ಹಿಂದಿನಿಂದ ಕೂಗಿದರು.

ಹೊರಗೆ ಗಾಳಿ ಜೋರಿತ್ತು. ನಮ್ಮ ಸಬರ್ಬ್‌ನ ಆಚೆ ಬರೀ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ಈರುಳ್ಳಿ ಹೊಂಬಣ್ಣಕ್ಕೆ ಬರಲು ಎಷ್ಟೋ ಹೊತ್ತು ಹಿಡಿಯಿತು. ಅರಿಸಿನ, ಕಾಳುಮೆಣಸಿನ ಪುಡಿ ಸವರಿದ ಕೋಳಿ ತುಂಡುಗಳನ್ನು ಹುರಿದು, ನೀರು ಹಾಕಿ, ಪ್ಲಮ್ ಹಾಕಿ, ಮುಚ್ಚಳ ಮುಚ್ಚಿದೆ. ಉರಿ ಒಂದು ಕಡೆ ವಾಲಿಕೊಂಡು ಪಾತ್ರೆಯ ಅರ್ಧಕ್ಕೆ ಮಾತ್ರ ತಾಗುತ್ತಿತ್ತು. ಎರಡು ಸಲ ಆರಿಯೇ ಹೋಯಿತು. ಗೆಳತಿ ಹೇಳಿಕೊಟ್ಟಿದ್ದು ಇಷ್ಟೇ: ಅವಸರ ಮಾಡಬೇಡ, ಹಣ್ಣು ಕೋಳಿಯೊಳಗೆ ನಿಧಾನ ಕೂರಬೇಕು. ಹಚ್ಚಿದಷ್ಟು ಸಲ ಆರುವ ಒಲೆಯಲ್ಲಿ ಯಾವುದು ಕೂರುತ್ತದೆ?

ಅಷ್ಟರಲ್ಲಿ ಅಡುಗೆಮನೆಯಿಂದ ಗ್ಯಾರೇಜಿಗೆ ಇಳಿಯುವ ಬಾಗಿಲು ತೆರೆಯಿತು. ಸೀರೆಯ ಮೇಲೆ ಸ್ವೆಟರ್ ತೊಟ್ಟು ಅತ್ತೆ ಬಿಸಿ ಬಾಣಲೆ ಹಿಡಿದು ನಿಂತಿದ್ದರು. ನಾನು ಮಾಂಸ ಬೇಯಿಸುವಾಗ ಅವರು ಆ ಮೆಟ್ಟಿಲು ಇಳಿದದ್ದೇ ಇಲ್ಲ. ಅವತ್ತು ಇಳಿದರು.

“ಮುಚ್ಚಳ ತಗೀ. ಆರಿದ್ರ ಹಣ್ಣು ಮೆತ್ತಗಾಗ್ತದ.”

ತೆಗೆದೆ. ಅವರು ಒಂದು ಹೆಜ್ಜೆ ಹಿಂದೆಯೇ ನಿಂತು, ತೋಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬಾಣಲೆಯನ್ನು ವಾಲಿಸಿ ಮೇಲಿನಿಂದ ಸುರುವಿದರು. ಹೋಳುಗಳು ದಪದಪನೆ ಬಿದ್ದು ಸಾರು ಸಿಡಿಯಿತು. ಒಂದು ಹನಿ ನನ್ನ ಮುಂಗೈ ಮೇಲೆ ಬಿತ್ತು.

ಆ ಎತ್ತರ ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ನನ್ನ ಜೊತೆ ಓದುತ್ತಿದ್ದ ಹುಡುಗಿಯ ಮನೆಗೆ ಒಮ್ಮೆ ಹೋಗಿದ್ದೆ. ಅವಳ ತಾಯಿ ಬಾಗಿಲಿಗೆ ಬಂದು, ಎಷ್ಟು ಬಿಸಿಲಾಗ ಬಂದೀ ಮಗಳ ಎಂದು ಮರುಗಿ, ನನ್ನ ಕೈಗೆ ಲೋಟ ಕೊಟ್ಟು ಮಜ್ಜಿಗೆ ಸುರುವಿದರು. ತಂಬಿಗೆ ಅವರ ಎದೆಯ ಮಟ್ಟದಲ್ಲಿತ್ತು, ಲೋಟ ನನ್ನ ಸೊಂಟದ ಮಟ್ಟದಲ್ಲಿ. ಅಷ್ಟು ದೂರದಿಂದ ಬಂದ ಮಜ್ಜಿಗೆ ನನ್ನ ಲಂಗದ ಮೇಲೂ ಸಿಡಿಯಿತು. ಬೈದು ಕಳಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು. ಆ ತಾಯಿ ಕೊನೆಯವರೆಗೂ ನಗುತ್ತಲೇ ಇದ್ದರು. ಕುಡಿದು, ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಮನೆಗೆ ಬಂದೆ.

“ಸುಡ್ತೇನು?” ಅತ್ತೆ ಕೇಳಿದರು.

“ಇಲ್ರಿ.” ಕೈ ಒರೆಸಿಕೊಂಡೆ. ಸುಮ್ಮನಿರಬಹುದಿತ್ತು. “ಅತ್ತಿ, ಹಂಗ ಮೇಲಿಂದ ಸುರುವಬ್ಯಾಡ್ರಿ.”

“ಯಾಕ? ಸಿಡೀತದಂತ?”

“ಅದಕ್ಕಲ್ರಿ. ನಮ್ಮ ಮಂದಿಗೆ ಹಂಗ ಸುರುವ್ತಿದ್ರು. ಊರಾಗ.”

ಅವರು ಬಾಣಲೆಯನ್ನು ನೇರ ಮಾಡಿದರು. ಅರ್ಧ ಹಣ್ಣು ಇನ್ನೂ ಅದರಲ್ಲೇ ಇತ್ತು. “ನಾ ನಿನಗ ಸುರುವಿದ್ನೇನು? ಕೋಳಿಗೆ ಸುರುವಿದೆ.”

“ಗೊತ್ತದ್ರಿ.”

“ಗೊತ್ತಿದ್ರ ಮತ್ತ?”

ನಾನು ಪಾತ್ರೆಗೆ ಮುಚ್ಚಳ ಮುಚ್ಚಿದೆ. ಅವರು ಕಾಯಲಿಲ್ಲ. ಬಾಣಲೆ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋದರು.

ಅವರು ಹೇಳಿದ್ದು ಸುಳ್ಳಲ್ಲ. ನನ್ನ ತಟ್ಟೆಯಿಂದ ರೊಟ್ಟಿ ಮುರಿದುಕೊಂಡು ತಿಂದವರು ಅವರು. ನನಗೆ ಜ್ವರ ಬಂದಾಗ ತಲೆ ಒತ್ತಿದವರು. ಮಗ ನನ್ನನ್ನು ಮದುವೆಯಾಗುತ್ತೇನೆ ಅಂದಾಗ ಅವರ ಬಳಗದಲ್ಲಿ ಬಾಯಿ ಮುಚ್ಚಿಕೊಂಡಿದ್ದು ಅವರೊಬ್ಬರೇ. ಆಗ ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಬೆಂಬಲ. ಮೇಲಿನಿಂದ ಸುರುವಿದ್ದು ಕೋಳಿಯ ಸಲುವಾಗಿ, ನನ್ನ ಸಲುವಾಗಿ ಅಲ್ಲ. ಆದರೆ ಕೈಯ ಎತ್ತರ ಒಂದೇ ಆಗಿತ್ತು. ಮತ್ತು ಆ ಕೋಳಿಯ ಜೊತೆ ನನ್ನ ಪಾತ್ರೆ, ನನ್ನ ಸೌಟು, ನನ್ನ ಊಟ ಎಲ್ಲವನ್ನೂ ತಂದು ಕಾರಿನ ಪಕ್ಕ ಇಟ್ಟವಳು ನಾನೇ. ಒಂದು ಕಾಲಕ್ಕೆ ರೂಮಿಗಾಗಿ ಸುಳ್ಳು ಹೇಳಲು ಒಪ್ಪದವಳು ಸ್ವಂತ ಮನೆಯಲ್ಲಿ, ಯಾರೂ ಕೇಳದೆ, ಹೊರಗೆ ಬಂದು ನಿಂತಿದ್ದೆ. ಇನ್ನು ಸ್ವಲ್ಪ ಹೊತ್ತಿಗೆ ಗೆಳತಿ ಬರುವವಳಿದ್ದಳು. ಅವಳ ಒಲೆಯ ಮೇಲೆ ಕಲಿತ ಅಡುಗೆಯನ್ನು ಎಲ್ಲಿ ಬೇಯಿಸಿದೆ ಎಂದು ಅವಳಿಗೆ ತೋರಿಸುವುದು?

ಗಾಳಿಗೆ ಒಲೆ ಮೂರನೇ ಸಲ ಆರಿತು. ಮತ್ತೆ ಹಚ್ಚಲಿಲ್ಲ. ಬಟ್ಟೆ ಸುತ್ತಿ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಅತ್ತೆ ಒಲೆಯ ಮುಂದೆ ನಿಂತು ತಮ್ಮ ಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ತಿರುಗಿ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

“ಹೊರಗ ಗಾಳಿ ಭಾಳ ಅದ ಏನು?”

ಅವರೇ ಒಂದು ನೆಪ ಕೊಡುತ್ತಿದ್ದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಾಳಿ ಇಲ್ಲದ ದಿನ ಪಾತ್ರೆ ಮತ್ತೆ ಹೊರಗೆ.

“ಗಾಳಿ ಅದ ರೀ ಅತ್ತಿ. ಆದ್ರ ಗಾಳಿ ಸಲುವಾಗಿ ತರಲಿಲ್ಲ. ನಾ ತಿನ್ನೂದೂ ಇಲ್ಲೇ ಬೇಯ್ಲಿ. ಇದು ನನ್ನ ಮನೀನೂ ಹೌದಲ್ರಿ.”

ನನ್ನ ಗಂಡ ಸೋಫಾದಿಂದ ಎದ್ದು, “ಯವ್ವಾ, ನೋಡಿಲ್ಲೆ...” ಎಂದು ಶುರು ಮಾಡಿದ.

“ನೀ ಸುಮ್ನ ಕೂಡು. ನಾವು ಮಾತಾಡಾಕತ್ತೀವಿ.”

ಅತ್ತೆ ಒಗ್ಗರಣೆಯ ಸೌಟು ಕೆಳಗಿಟ್ಟರು. ಪಾತ್ರೆ ಭಾರ ಇತ್ತು, ಬಟ್ಟೆಯೊಳಗಿಂದ ಬಿಸಿ ಬೆರಳಿಗೆ ಬರುತ್ತಿತ್ತು. ಅವರು ಇಲ್ಲಿ ಇಡು ಅನ್ನದಿದ್ದರೆ ಏನು ಮಾಡುವುದು ಎಂದು ನಾನು ಯೋಚಿಸಿರಲಿಲ್ಲ. ಕೊನೆಗೆ ಅತ್ತೆ ತಮ್ಮ ಸಾರಿನ ಬೋಗುಣಿಯನ್ನು ಇಕ್ಕಳದಲ್ಲಿ ಹಿಡಿದು ಹಿಂದಿನ ಬರ್ನರಿಗೆ ಸರಿಸಿದರು.

“ಎಷ್ಟೊತ್ತು ಹಿಡಕೊಂಡು ನಿಂದರ್ತಿ? ದೊಡ್ಡ ಒಲಿ ಮ್ಯಾಲಿಡು.”

ಇಟ್ಟೆ. ಉಳಿದ ಹಣ್ಣಿನ ಬಾಣಲೆಯನ್ನು ಅವರು ನನ್ನ ಕಡೆ ತಳ್ಳಿದರು. ನಾನು ಅದನ್ನು ಪಾತ್ರೆಯ ಅಂಚಿಗೆ ತಾಗಿಸಿ ಹಿಡಿದು, ಹೋಳುಗಳನ್ನು ಸೌಟಿನಿಂದ ಒಂದೊಂದಾಗಿ ಜಾರಿಸಿದೆ. ಏನೂ ಸಿಡಿಯಲಿಲ್ಲ. ಅತ್ತೆ ನೋಡುತ್ತಲೇ ಇದ್ದರು.

“ಆ ಬಾಣಲಿ ಇನ್ನ ನೀನ ಇಟ್ಕೋ. ನನಗ ಬ್ಯಾಡ.”

ಆ ಮಾತು ಚುಚ್ಚಿತು. ಆದರೆ ಅನ್ಯಾಯ ಅನ್ನಿಸಲಿಲ್ಲ. ನಾನು ನನ್ನ ಊಟಕ್ಕೆ ಜಾಗ ಕೇಳಿದ್ದೆ, ನಿಮ್ಮ ನೇಮ ಬಿಡಿ ಎಂದು ಕೇಳಿರಲಿಲ್ಲ. “ಹೊಸಾದು ತರೋಣ್ರಿ” ಅಂದೆ. “ಭಾರಿದ್ದದ್ದು ತಾ. ಇದು ತಳ ಹಿಡೀತಿತ್ತು” ಅಂದರು.

ಮುಂದಿನ ಒಂದು ತಾಸು ಸಣ್ಣ ಉರಿಯಲ್ಲಿ ಅದು ಬೇಯಿತು. ಅತ್ತೆ ಮೊದಲು ಎಲ್ಲ ಕಿಟಕಿ ತೆರೆದರು, ಆಮೇಲೆ ಚಳಿಯಾಗಿ ತಾವೇ ಮುಚ್ಚಿದರು. ತಮ್ಮ ರೂಮಿಗೆ ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಕೂತು ಗೊಜ್ಜಿಗೆ ಬೆಲ್ಲ ಕೆರೆದರು. ನಾನು ಕೇಸರಿಯನ್ನು ಚಿಟಿಕೆ ಸಕ್ಕರೆಯೊಂದಿಗೆ ಅರೆದು ಬಿಸಿ ನೀರಲ್ಲಿ ನೆನೆಸಿ ಹಾಕಿದೆ. ಹೋಳುಗಳು ಮೆಲ್ಲಗೆ ಗುಲಾಬಿ ಬಣ್ಣಕ್ಕೆ ತಿರುಗಿದವು. ಮೇಲೆ ಜಿಡ್ಡು ತೇಲಿದಾಗ ಕೂತಲ್ಲಿಂದಲೇ, “ಎಣ್ಣಿ ಬಿಟ್ಟದ ನೋಡು, ಸಾಕೀಗ” ಅಂದರು.

ಗೆಳತಿ ಬಂದಳು. ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂತೆವು. ಅತ್ತೆ ಆ ತುದಿಯಲ್ಲಿ, ತಮ್ಮ ಅನ್ನ, ಸಾರು, ಗೊಜ್ಜಿನ ಜೊತೆ. ಗೆಳತಿ ಒಂದು ತುತ್ತು ತಿಂದು, ಕಣ್ಣು ಮುಚ್ಚಿ ತೆರೆದು, “ಹಣ್ಣು ಚೆನ್ನಾಗಿ ಕೂತಿದೆ. ಹುಳಿ ಮಾತ್ರ ಕಡಿಮೆ” ಅಂದಳು. ಅವಳು ಮೊದಲಿನಿಂದಲೂ ಹಾಗೆಯೇ.

“ಏನಂತಾಳ?” ಅತ್ತೆ ಕೇಳಿದರು.

“ಹುಳಿ ಸಾಲದಂತ ರೀ.”

“ನಾ ಮೊದ್ಲೇ ಹೇಳತಿದ್ದೆ. ನನ್ನ ಕೇಳಿದ್ಯೇನು?” ಎಂದು ಗೊಜ್ಜಿನ ಬಟ್ಟಲನ್ನು ಅವಳ ಕಡೆ ಸರಿಸಿದರು. ಅವಳು ಅದನ್ನು ಕೋಳಿಯ ಮೇಲೇ ಹಾಕಿಕೊಂಡಳು. ಅತ್ತೆ ನೋಡಿ ತಲೆ ಕೆಳಗೆ ಹಾಕಿ ನಕ್ಕರು.

ಮರುದಿನ ಮುಂಜಾನೆ ನಾನು ಏಳುವ ಹೊತ್ತಿಗೆ ಅವರು ನಿಂಬೆಹಣ್ಣು ಹಚ್ಚಿ ಒಲೆ ತಿಕ್ಕುತ್ತಿದ್ದರು. ನಾನು ಪಾತ್ರೆ ತೊಳೆದು, ಒರೆಸಿ, ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಒಂದು ಮೂಲೆಗೆ ಇಟ್ಟೆ. ಬಾಣಲೆಯನ್ನೂ ಅದರ ಪಕ್ಕದಲ್ಲಿ. ಅತ್ತೆ ನೋಡಿ, ಮತ್ತೆ ಒಲೆ ತಿಕ್ಕತೊಡಗಿದರು.

ಚಹಾ ಕುಡಿಯುತ್ತಿದ್ದ ಗಂಡ ಕೇಳಿದ: “ಹಂಗಾದ್ರ ಗ್ಯಾರೇಜಿನ ಸ್ಟೋವ್ ತಗದಬಿಡ್ಲಿ?”

“ಇರ್ಲಿ ಇರ್ಲಿ,” ಅತ್ತೆ ಅವಸರದಲ್ಲಿ ಅಂದರು. “ಮೀನು ತಂದಾಗ ಬೇಕಾಗ್ತದ.”

ಮೀನಿನ ಮಾತು ಇನ್ನೊಂದು ದಿನಕ್ಕಿರಲಿ ಎಂದುಕೊಂಡೆ.